ಕೆಲಸದಲ್ಲಿ ಮೈಗೆ ಪೆಟ್ಟಾದರೂ ಮನಸ್ಸಿಗೆ ಪೆಟ್ಟಾದರೂ: ಮಾಲೀಕರ ಹೊಣೆ ಎಷ್ಟು, ನೀವು ಮಾಡಬೇಕಾದ್ದೇನು

ಯಂತ್ರಕ್ಕೆ ಕೈ ಸಿಕ್ಕಿ ಬೆರಳು ಹೋದರೆ ಅದನ್ನು ಯಾರೂ ನಾಟಕ ಅನ್ನುವುದಿಲ್ಲ. ರಕ್ತ ಕಣ್ಣಿಗೆ ಕಾಣುತ್ತದೆ, ಎಕ್ಸ್‌ರೇ ಕೈಯಲ್ಲಿರುತ್ತದೆ. ಆದರೆ ಎರಡು ವರ್ಷ ಇಬ್ಬರ ಕೆಲಸವನ್ನು ಒಬ್ಬರೇ ಮಾಡಿ, ನಿದ್ದೆಗೆಟ್ಟು, ಒಂದು ಬೆಳಿಗ್ಗೆ ಆಫೀಸಿನ ಮೆಟ್ಟಿಲು ಹತ್ತಲಾಗದೆ ಅಲ್ಲೇ ಕೂತು ಅತ್ತವರಿಗೆ ಸಿಗುವ ಮಾತೇ ಬೇರೆ. "ಟೆನ್ಷನ್ ಯಾರಿಗಿಲ್ಲ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಎರಡೂ ಗಾಯಗಳೇ. ಎರಡಕ್ಕೂ ಮಾಲೀಕರು ಹೊಣೆಯಾಗಬಹುದು. ಆದರೆ ಎರಡನ್ನೂ ಸಾಬೀತು ಮಾಡುವ ದಾರಿ ಒಂದೇ ಅಲ್ಲ. ಆ ದಾರಿ ಗೊತ್ತಿಲ್ಲದೆ ಎಷ್ಟೋ ಜನ ನ್ಯಾಯವಾದ ಪರಿಹಾರ ಕಳೆದುಕೊಳ್ಳುತ್ತಾರೆ. ಈ ಲೇಖನ ಬರೆಯುತ್ತಿರುವುದು ಅದಕ್ಕೇ.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇದೆ. ನಾನಿಲ್ಲಿ ಹೆಚ್ಚಾಗಿ ಇಂಗ್ಲೆಂಡಿನ ತೀರ್ಪುಗಳನ್ನು ಹೇಳುತ್ತೇನೆ. ಅನೇಕ ದೇಶಗಳ ನ್ಯಾಯಾಲಯಗಳು ಅದೇ ಬೇರಿನಿಂದ ಬೆಳೆದಿವೆ, ಇವತ್ತಿಗೂ ಆ ತೀರ್ಪುಗಳನ್ನು ತೆಗೆದು ನೋಡುತ್ತವೆ. ನಿಮ್ಮ ಊರಿನ ಗಡುವು, ಫಾರಂ, ಕಚೇರಿಯ ವಿಷಯ ಮಾತ್ರ ಅಲ್ಲಿಯ ವಕೀಲರನ್ನೇ ಕೇಳಿ.

ಮೊದಲು ತಿಳಿಯಬೇಕಾದ್ದು: ಮಾಲೀಕರ ಕರ್ತವ್ಯ ಏನು?

1937ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಸ್ಕಾಟ್ಲೆಂಡಿನ ಒಂದು ಕಲ್ಲಿದ್ದಲು ಗಣಿಯ ಪ್ರಕರಣ ಬಂತು. ಪಾಳಿ ಮುಗಿಸಿ ಹೊರಗೆ ಬರುತ್ತಿದ್ದ ಕಾರ್ಮಿಕರೊಬ್ಬರು, ಕಲ್ಲಿದ್ದಲು ಎಳೆಯುವ ಯಂತ್ರ ಚಾಲೂ ಆಗಿ ನಜ್ಜುಗುಜ್ಜಾದರು. ಸುರಕ್ಷತೆ ನೋಡಿಕೊಳ್ಳಲು ಮ್ಯಾನೇಜರ್ ಒಬ್ಬರನ್ನು ಇಟ್ಟಿದ್ದೆವು, ತಪ್ಪು ಅವರದು ಎಂದಿತು ಕಂಪನಿ. ನ್ಯಾಯಾಲಯ ಒಪ್ಪಲಿಲ್ಲ. ಕೆಲಸ ಗೊತ್ತಿರುವ ಜನ, ಸರಿಯಾದ ಸಲಕರಣೆ, ಸುರಕ್ಷಿತವಾದ ಕೆಲಸದ ವ್ಯವಸ್ಥೆ, ಅದರ ಮೇಲೆ ನಿಗಾ. ಇವನ್ನು ಒದಗಿಸುವುದು ಮಾಲೀಕರ ಸ್ವಂತ ಹೊಣೆ. ಕೆಲಸವನ್ನು ಬೇರೆಯವರಿಗೆ ವಹಿಸಬಹುದು, ಹೊಣೆಯನ್ನು ದಾಟಿಸಲಾಗದು.

ಹಾಗಂತ ಏನೇ ಆದರೂ ಮಾಲೀಕರೇ ಹೊಣೆ ಅಂತಲ್ಲ. 1953ರ ಇನ್ನೊಂದು ತೀರ್ಪಿನಲ್ಲಿ ಕಾರ್ಖಾನೆಗೆ ಮಳೆನೀರು ನುಗ್ಗಿತ್ತು, ಎಣ್ಣೆ ಬೆರೆತು ನೆಲ ಜಾರುತ್ತಿತ್ತು. ಕಂಪನಿ ಸಿಕ್ಕಷ್ಟು ಮರದ ಹೊಟ್ಟು ಹರಡಿತು. ಆದರೂ ಒಬ್ಬರು ಜಾರಿ ಬಿದ್ದರು. ಅಷ್ಟಕ್ಕೇ ಇಡೀ ಕಾರ್ಖಾನೆ ಮುಚ್ಚಬೇಕಿತ್ತು ಅನ್ನುವುದು ಅತಿಯಾಯಿತು ಎಂದಿತು ನ್ಯಾಯಾಲಯ. ಕೇಳುವುದು ವಿವೇಕ ಇರುವ ಮಾಲೀಕರು ಮಾಡಬೇಕಾದಷ್ಟನ್ನು, ಅದಕ್ಕಿಂತ ಜಾಸ್ತಿ ಅಲ್ಲ.

ಹಾಗಾಗಿ ನೀವು ತೋರಿಸಬೇಕಾದ್ದು ಇಷ್ಟು: ಅವರಿಗೆ ಕರ್ತವ್ಯ ಇತ್ತು, ಅದರಲ್ಲಿ ತಪ್ಪಿದರು, ಆ ತಪ್ಪಿನಿಂದಲೇ ನಿಮಗೆ ಹಾನಿಯಾಯಿತು. ಇದರ ಒಳಗೆ ಒಂದು ಪ್ರಶ್ನೆ ಅಡಗಿದೆ. ಅಪಾಯ ಇದೆ ಅಂತ ಮಾಲೀಕರಿಗೆ ಗೊತ್ತಿತ್ತಾ, ಅಥವಾ ಗೊತ್ತಿರಬೇಕಿತ್ತಾ? ಮೈಗೆ ಆದ ಗಾಯದಲ್ಲಿ ಇದಕ್ಕೆ ಉತ್ತರ ಸುಲಭ. ಗಾರ್ಡ್ (ಕೈ ಸಿಕ್ಕದಂತೆ ತಡೆಯುವ ಕವಚ) ಇಲ್ಲದ ಯಂತ್ರ ಎಲ್ಲರ ಕಣ್ಣೆದುರೇ ಇರುತ್ತದೆ. ಮನಸ್ಸಿನ ಗಾಯದಲ್ಲಿ ಹೆಚ್ಚಿನ ಪ್ರಕರಣಗಳು ಸೋಲುವುದೇ ಈ ಪ್ರಶ್ನೆಯಲ್ಲಿ.

ಹಂತ 1: ಚಿಕಿತ್ಸೆ, ಮತ್ತು ಡಾಕ್ಟರಿಗೆ ಒಂದು ಮಾತು

ಪರಿಹಾರದ ಯೋಚನೆ ಆಮೇಲೆ. ಮೊದಲು ಆಸ್ಪತ್ರೆ. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಡಿ. ಈಗಲೇ ಹತ್ತಿರದವರೊಬ್ಬರಿಗೆ ಹೇಳಿ, ಅವರ ಜೊತೆ ಡಾಕ್ಟರ ಬಳಿ ಹೋಗಿ. ಉಳಿದದ್ದೆಲ್ಲ ಕಾಯುತ್ತದೆ.

ಡಾಕ್ಟರಿಗೆ ಹೇಳುವಾಗ ಪೆಟ್ಟು ಎಲ್ಲಿ, ಹೇಗೆ ಆಯಿತು ಅಂತ ಪೂರ್ತಿ ಹೇಳಿ. "ಬಿದ್ದೆ" ಅಂದರೆ ಚೀಟಿಯಲ್ಲಿ "ಬಿದ್ದರು" ಅಂತಷ್ಟೇ ಬರುತ್ತದೆ. "ಗೋದಾಮಿನಲ್ಲಿ ಕೆಲಸ ಮಾಡುವಾಗ ಮುರಿದ ಏಣಿಯಿಂದ ಬಿದ್ದೆ" ಅಂದರೆ ಅದು ಅವತ್ತಿನ ತಾರೀಖಿನಲ್ಲೇ ದಾಖಲಾಗುತ್ತದೆ. ವರ್ಷ ಕಳೆದ ಮೇಲೆ ನೀವು ಹೇಳುವ ಹತ್ತು ಮಾತಿಗಿಂತ ಆ ಒಂದು ಸಾಲಿಗೆ ತೂಕ ಜಾಸ್ತಿ. ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ ಅಂತ ಹೋದಾಗಲೂ ಅಷ್ಟೇ. ಕೆಲಸದಲ್ಲಿ ಏನಾಗುತ್ತಿದೆ ಅಂತಲೂ ಹೇಳಿ. ನಾಚಿಕೆಯಿಂದ ತಲೆನೋವು ಅಂತ ಹೇಳಿ ಬರಬೇಡಿ.

ಹಂತ 2: ಸಾಕ್ಷ್ಯ ಮಾಯವಾಗುವ ಮೊದಲು

ಮೈಗೆ ಪೆಟ್ಟಾಗಿದ್ದರೆ ಇದು ಗಂಟೆಗಳ ಲೆಕ್ಕದ ಕೆಲಸ. ಅಪಘಾತ ಆದ ಮರುದಿನವೇ ಗಾರ್ಡ್ ಹಾಕುತ್ತಾರೆ, ನೆಲ ಒರೆಸುತ್ತಾರೆ, ಮುರಿದ ಏಣಿ ಗುಜರಿಗೆ ಹೋಗುತ್ತದೆ. ನಿಮಗೆ ಏಳಲಾಗದಿದ್ದರೆ ಜೊತೆಯವರಿಗೆ ಹೇಳಿ ಫೋಟೋ ತೆಗೆಸಿ. ಯಂತ್ರ, ನೆಲ, ಬೆಳಕು, ನೀವು ಹಾಕಿಕೊಂಡಿದ್ದ ಬೂಟು, ಕೈಗವಸು ಎಲ್ಲವೂ ಬರಲಿ. ಯಾರು ನೋಡಿದರು ಅಂತ ಹೆಸರು, ನಂಬರ್ ಬರೆದಿಟ್ಟುಕೊಳ್ಳಿ. ಸಿಸಿಟಿವಿ ಇದ್ದರೆ ಅಳಿಸದೆ ಇಡಿ ಅಂತ ಅದೇ ವಾರ ಬರೆದು ಕೇಳಿ. ಅಪಘಾತದ ರಿಜಿಸ್ಟರ್ ಇದ್ದರೆ ಅದರಲ್ಲಿ ಬರೆಸಿ, ಆ ಪುಟದ ಫೋಟೋ ಇಟ್ಟುಕೊಳ್ಳಿ.

ಮನಸ್ಸಿನ ಗಾಯಕ್ಕೆ ಫೋಟೋ ಇಲ್ಲ. ಅದರ ಬದಲು ಒಂದು ಡೈರಿ ಬೇಕು. ದೊಡ್ಡ ಬರವಣಿಗೆ ಬೇಡ. ತಾರೀಖು, ಎಷ್ಟು ಹೊತ್ತಿಗೆ ಬಂದಿರಿ, ಎಷ್ಟಕ್ಕೆ ಬಿಟ್ಟಿರಿ, ಹೊಸದಾಗಿ ಯಾವ ಕೆಲಸ ಹೊರಿಸಿದರು, ಯಾರು ಏನಂದರು, ಆಗ ಯಾರಿದ್ದರು, ರಾತ್ರಿ ಎಷ್ಟು ನಿದ್ದೆ ಬಂತು. ಬೈದಿದ್ದರೆ ಅದೇ ಮಾತನ್ನು ಹಾಗೇ ಬರೆಯಿರಿ. ರಾತ್ರಿ ಹನ್ನೊಂದಕ್ಕೆ ಬಂದ ಮೆಸೇಜು, ರಜೆಯಲ್ಲಿ ಬಂದ ಕರೆ, ಡ್ಯೂಟಿ ಚಾರ್ಟು, ಇವೆಲ್ಲ ಜೊತೆಗಿರಲಿ. ಒಂದು ಎಚ್ಚರಿಕೆ: ಕಂಪನಿಯ ಗುಟ್ಟಿನ ಕಡತ, ಗ್ರಾಹಕರ ವಿವರ ಮನೆಗೆ ಕಳಿಸಿಕೊಳ್ಳಬೇಡಿ. ಅದನ್ನೇ ಹಿಡಿದು ನಿಮ್ಮನ್ನು ಕೆಲಸದಿಂದ ತೆಗೆಯುವ ದಾರಿ ಅವರಿಗೆ ಸಿಗುತ್ತದೆ.

ಹಂತ 3: ಬರೆದು ತಿಳಿಸಿ

ಈ ಲೇಖನದಲ್ಲಿ ಒಂದೇ ಒಂದು ಹಂತ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಯಾಕೆ ಅಂತ ಎರಡು ಪ್ರಕರಣದಲ್ಲಿ ನೋಡೋಣ.

ಇಂಗ್ಲೆಂಡಿನ ನಾರ್ತಂಬರ್‌ಲೆಂಡ್ ಕೌಂಟಿಯಲ್ಲಿ ಒಬ್ಬ ಸಮಾಜ ಸೇವಾ ಅಧಿಕಾರಿ ಇದ್ದರು. ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳನ್ನು ನೋಡುವ ಕೆಲಸ. ಪ್ರಕರಣ ಏರುತ್ತಲೇ ಹೋಯಿತು, ಜನ ಮಾತ್ರ ಅಷ್ಟೇ. ಇನ್ನಷ್ಟು ಜನ ಕೊಡಿ ಅಂತ ಅವರು ಕೇಳುತ್ತಲೇ ಇದ್ದರು. 1986ರ ನವೆಂಬರಿನಲ್ಲಿ ಮನಸ್ಸು ಕುಸಿಯಿತು. 1987ರ ಮಾರ್ಚಿನಲ್ಲಿ, ಸಹಾಯಕ್ಕೆ ಒಬ್ಬರನ್ನು ಕೊಡುತ್ತೇವೆ ಅನ್ನುವ ಭರವಸೆಯ ಮೇಲೆ ವಾಪಸು ಬಂದರು. ಒಂದು ತಿಂಗಳಲ್ಲಿ ಆ ಸಹಾಯ ನಿಂತಿತು. ಅದೇ ಸೆಪ್ಟೆಂಬರಿನಲ್ಲಿ ಎರಡನೇ ಸಲ ಕುಸಿದರು, ಮತ್ತೆ ಆ ಕೆಲಸಕ್ಕೆ ಮರಳಲು ಆಗಲೇ ಇಲ್ಲ. 1994ರಲ್ಲಿ ತೀರ್ಪು ಬಂತು. ಮೊದಲ ಕುಸಿತಕ್ಕೆ ಅವರ ಮಾಲೀಕರಾದ ಕೌಂಟಿ ಕೌನ್ಸಿಲ್ ಹೊಣೆಯಲ್ಲ, ಯಾಕೆಂದರೆ ಅದನ್ನು ಮುಂಚೆ ಊಹಿಸಲು ಆಗುತ್ತಿರಲಿಲ್ಲ. ಎರಡನೆಯದಕ್ಕೆ ಹೊಣೆ, ಯಾಕೆಂದರೆ ಅಷ್ಟು ಹೊತ್ತಿಗೆ ಎಲ್ಲ ಗೊತ್ತಿತ್ತು. ಮನುಷ್ಯ ಅದೇ, ಕೆಲಸ ಅದೇ, ಹೊರೆ ಅದೇ. ನಡುವೆ ಬದಲಾದದ್ದು ಮಾಲೀಕರ ತಿಳಿವಳಿಕೆ ಒಂದೇ. ವಾಕರ್ ಪ್ರಕರಣ ಎಂದು ಹೆಸರಾದ ಈ ತೀರ್ಪು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಒಬ್ಬರು ಒಮ್ಮೆ ಮುರಿದು ಬೀಳುವ ತನಕ ಕಾಯಬೇಕಾ?

ಕಾಯಬೇಕಿಲ್ಲ. ಆದರೆ ಹೇಳಬೇಕು. 2002ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಹ್ಯಾಟನ್ ಪ್ರಕರಣದಲ್ಲಿ ನಾಲ್ಕು ಜನರ ಮೊಕದ್ದಮೆ ಒಟ್ಟಿಗೆ ಕೇಳಿತು. ಮೂರರಲ್ಲಿ ಮಾಲೀಕರ ಮೇಲ್ಮನವಿ ಗೆದ್ದಿತು. ಆ ತೀರ್ಪಿನ ಸಾರ ಇಷ್ಟು: ಕೆಲಸಗಾರರು ಆ ಕೆಲಸದ ಮಾಮೂಲಿ ಒತ್ತಡ ತಾಳಿಕೊಳ್ಳುತ್ತಾರೆ ಅಂತ ಮಾಲೀಕರು ಅಂದುಕೊಳ್ಳಬಹುದು. ಬೇರೆ ಸುಳಿವು ಸಿಕ್ಕಿದ್ದರೆ ಮಾತ್ರ ಹಾಗೆ ಅಂದುಕೊಳ್ಳುವಂತಿಲ್ಲ. ಸೋತವರಲ್ಲಿ ಒಬ್ಬ ಶಿಕ್ಷಕರು ಮಾತ್ರ ಇನ್ನೂ ಮೇಲಕ್ಕೆ ಹೋದರು. 2004ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವರ ಪರವಾಗಿ ತೀರ್ಪು ಕೊಟ್ಟಿತು. ಖಿನ್ನತೆಯಿಂದ ರಜೆ ಹಾಕಿ ಬಂದಿದ್ದರು, ಹೊರೆ ತಾಳಲಾಗುತ್ತಿಲ್ಲ ಅಂತ ಶಾಲೆಯ ಮುಖ್ಯಸ್ಥರಿಗೆ ಹೇಳಿದ್ದರು. ಆ ಹೇಳಿಕೆಯೇ ಅವರನ್ನು ಕಾಪಾಡಿತು.

ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಬರೆದು ಕಳಿಸಿ. ಇಮೇಲ್ ಆದರೂ ಸರಿ, ಸಹಿ ಹಾಕಿಸಿಕೊಂಡ ಪತ್ರವಾದರೂ ಸರಿ. ಹೀಗೆ ಬರೆಯಬಹುದು:

"ಮಾನ್ಯರೆ, ಮಾರ್ಚ್ ತಿಂಗಳಿಂದ ನನ್ನ ಕೆಲಸದ ಜೊತೆಗೆ, ಬಿಟ್ಟುಹೋದ ಸಹೋದ್ಯೋಗಿಯ ಕೆಲಸವನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ವಾರಕ್ಕೆ ಸುಮಾರು 65 ಗಂಟೆ ಆಗುತ್ತಿದೆ. ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಡಾಕ್ಟರಿಗೆ ತೋರಿಸಿದ್ದೇನೆ, ಔಷಧಿ ಶುರುವಾಗಿದೆ. ಕೆಲಸದ ಹೊರೆ ಇದಕ್ಕೆ ಕಾರಣ ಎಂದು ಅವರು ಹೇಳಿದ್ದಾರೆ. ಹೀಗೇ ಮುಂದುವರಿದರೆ ನನ್ನ ಆರೋಗ್ಯ ಇನ್ನಷ್ಟು ಕೆಡುತ್ತದೆ. ಖಾಲಿ ಇರುವ ಜಾಗಕ್ಕೆ ಬೇರೆಯವರನ್ನು ಕೊಡಿ. ಅಲ್ಲಿಯವರೆಗೆ ತಿಂಗಳ ವರದಿಯ ಕೆಲಸವನ್ನಾದರೂ ನನ್ನಿಂದ ತೆಗೆಯಿರಿ. ಈ ವಾರ ಇದರ ಬಗ್ಗೆ ಮಾತಾಡಲು ಸಮಯ ಕೊಡಬೇಕೆಂದು ಕೋರುತ್ತೇನೆ."

ಇದರಲ್ಲಿ ಸಿಟ್ಟಿಲ್ಲ, ಯಾರ ಮೇಲೂ ಆರೋಪ ಇಲ್ಲ. ಆದರೆ ಹೊರೆ ಎಷ್ಟು, ಅದರಿಂದ ಆರೋಗ್ಯಕ್ಕೆ ಏನಾಗುತ್ತಿದೆ, ಏನು ಮಾಡಿದರೆ ಸರಿಹೋಗುತ್ತದೆ, ಮೂರೂ ಇವೆ. "ಕೆಲಸ ಜಾಸ್ತಿ ಆಯ್ತು" ಅಂತಷ್ಟೇ ಬರೆದರೆ ಸಾಲದು. ಕೆಲಸ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. "ಆರೋಗ್ಯ ಕೆಡುತ್ತಿದೆ" ಅನ್ನುವ ಮಾತು ಬರಲೇಬೇಕು. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಇನ್ನೊಂದು ಬರೆಯಿರಿ, ಮೊದಲನೆಯದರ ತಾರೀಖು ಅದರಲ್ಲಿ ಹಾಕಿ.

ಮೈಗೆ ಆಗುವ ಗಾಯಕ್ಕೂ ಈ ಮಾತು ಸಲ್ಲುತ್ತದೆ. ಒಂದು ಕಣ್ಣು ಕಾಣದ ಗ್ಯಾರೇಜ್ ಕೆಲಸಗಾರರೊಬ್ಬರು ಸುತ್ತಿಗೆಯಿಂದ ಬೋಲ್ಟ್ ಹೊಡೆಯುವಾಗ ಲೋಹದ ಚೂರು ಸಿಡಿದು ಒಳ್ಳೆಯ ಕಣ್ಣಿಗೇ ಹೊಕ್ಕಿತು. ಆ ಕೆಲಸಕ್ಕೆ ಕನ್ನಡಕ ಕೊಡುವ ವಾಡಿಕೆ ಇರಲಿಲ್ಲ. ಆದರೂ ಇವರಿಗೆ ಕೊಡಬೇಕಿತ್ತು ಎಂದಿತು ನ್ಯಾಯಾಲಯ. ಯಾಕೆಂದರೆ ಒಂದೇ ಕಣ್ಣು ಇರುವುದು ಮಾಲೀಕರಿಗೆ ಗೊತ್ತಿತ್ತು. ನಿಮಗೆ ಬೆನ್ನುನೋವು, ಸಕ್ಕರೆ ಕಾಯಿಲೆ, ಹಿಂದೊಮ್ಮೆ ಖಿನ್ನತೆ ಇದ್ದು ಕೆಲಸದಿಂದ ಅದು ಕೆರಳಬಹುದು ಅನ್ನಿಸಿದರೆ ತಿಳಿಸಿಡುವುದು ಒಳ್ಳೆಯದು. ಮಾನಸಿಕ ಕಾಯಿಲೆ ಹೇಳಿಕೊಂಡರೆ ಬಡ್ತಿ ತಪ್ಪೀತು ಅನ್ನುವ ಭಯ ನಿಜವಾದದ್ದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಾಯಿಲೆಯ ಹೆಸರು ಹೇಳಲು ಇಷ್ಟವಿಲ್ಲದಿದ್ದರೆ "ಚಿಕಿತ್ಸೆಯಲ್ಲಿದ್ದೇನೆ, ರಾತ್ರಿ ಪಾಳಿಯಿಂದ ತೊಂದರೆ ಆಗುತ್ತದೆ" ಅಂತಷ್ಟಾದರೂ ಬರೆಯಿರಿ.

ಕೆಲವು ಕೆಲಸಗಳಲ್ಲಿ ಮಾತ್ರ, ನೀವು ಬಾಯಿಬಿಟ್ಟು ಹೇಳದಿದ್ದರೂ ಮಾಲೀಕರು ತಿಳಿದಿರಬೇಕು. ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿಯ ಅತ್ಯುನ್ನತ ನ್ಯಾಯಾಲಯ) 2022ರಲ್ಲಿ ಹಾಗೇ ಹೇಳಿತು. ಲೈಂಗಿಕ ಅಪರಾಧಗಳ ಪ್ರಕರಣಗಳನ್ನೇ ದಿನವೂ ನೋಡುತ್ತಿದ್ದ ಸರ್ಕಾರಿ ವಕೀಲೆಯೊಬ್ಬರು ತೀವ್ರ ಮಾನಸಿಕ ಆಘಾತಕ್ಕೆ ಒಳಗಾಗಿದ್ದರು. ಇಂಥ ಕೆಲಸದಿಂದ ಮನಸ್ಸಿಗೆ ಪೆಟ್ಟಾಗುತ್ತದೆ ಅಂತ ಕಚೇರಿಯ ಸ್ವಂತ ನಿಯಮಾವಳಿಯೇ ಹೇಳುತ್ತಿತ್ತು. ಕಾಗದದಲ್ಲಿದ್ದದ್ದು ಆಚರಣೆಗೆ ಬಂದಿರಲಿಲ್ಲ. ನಿಮ್ಮ ಕಚೇರಿಗೂ ಅಂಥ ನಿಯಮಾವಳಿ ಇದೆಯೇ ಹುಡುಕಿ. ಇದ್ದರೆ ಒಂದು ಪ್ರತಿ ಇಟ್ಟುಕೊಳ್ಳಿ.

ಹಂತ 4: ಕಾಯಿಲೆಗೆ ಸರಿಯಾದ ಹೆಸರು

ಬೇಜಾರು, ದುಃಖ, ಸಿಟ್ಟು, ಸುಸ್ತು ಇವಕ್ಕೆ ಸಾಮಾನ್ಯವಾಗಿ ಪರಿಹಾರ ಇಲ್ಲ. ವೈದ್ಯಶಾಸ್ತ್ರ ಒಪ್ಪುವ ಮಾನಸಿಕ ಕಾಯಿಲೆ ಇರಬೇಕು ಎನ್ನುತ್ತದೆ ಇಂಗ್ಲೆಂಡಿನ ಕಾನೂನು. ಖಿನ್ನತೆ, ಆತಂಕದ ಕಾಯಿಲೆ, ಆಘಾತದ ನಂತರ ಕಾಡುವ ಪಿಟಿಎಸ್‌ಡಿ ಇಂಥವು. ಕೆನಡಾದ ಸುಪ್ರೀಂ ಕೋರ್ಟ್ 2017ರಲ್ಲಿ ಕಾಯಿಲೆಯ ಹೆಸರೇ ಬೇಕೆಂದಿಲ್ಲ, ಹಾನಿ ಗಂಭೀರವಾಗಿದ್ದು ಬಹುಕಾಲ ಉಳಿದಿದ್ದರೆ ಸಾಕು ಎಂದಿತು. ನನಗೆ ಅದೇ ಹೆಚ್ಚು ನ್ಯಾಯ ಅನ್ನಿಸುತ್ತದೆ. ಆದರೆ ಎಲ್ಲ ಕಡೆ ಹಾಗಿಲ್ಲ.

ಬರ್ನ್‌ಔಟ್ (ಕೆಲಸದಿಂದ ಪೂರ್ತಿ ಬಸವಳಿದ ಸ್ಥಿತಿ) ಅನ್ನುವ ಪದದ ಬಗ್ಗೆ ಹುಷಾರಾಗಿರಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಇದೆ, ಕಾಯಿಲೆ ಅಂತ ಇಲ್ಲ. ಚೀಟಿಯಲ್ಲಿ ಬರ್ನ್‌ಔಟ್ ಅಥವಾ ಸ್ಟ್ರೆಸ್ ಅಂತ ಮಾತ್ರ ಇದ್ದರೆ ಎದುರಾಳಿ ವಕೀಲರು ಅದನ್ನೇ ಹಿಡಿಯುತ್ತಾರೆ. ಮನೋವೈದ್ಯರನ್ನು ಕಂಡು ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಿ. ಕಾಯಿಲೆ ಯಾವುದು, ಯಾವಾಗ ಶುರುವಾಯಿತು, ಕೆಲಸದ ಪಾಲು ಎಷ್ಟು, ಮುಂದೆ ಎಷ್ಟು ಕಾಲ ಇರಬಹುದು, ಇಷ್ಟೂ ವರದಿಯಲ್ಲಿ ಬರಲಿ. ಮನೆಯಲ್ಲೂ ತೊಂದರೆ ಇದ್ದರೆ ಮುಚ್ಚಿಡಬೇಡಿ. ಕೆಲಸ ಒಂದೇ ಕಾರಣ ಆಗಿರಬೇಕಿಲ್ಲ, ಗಣನೀಯ ಕಾರಣ ಆಗಿದ್ದರೆ ಸಾಕು. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ನಿಮ್ಮ ಎಲ್ಲ ಮಾತಿನ ಮೇಲೂ ಅನುಮಾನ ಬರುತ್ತದೆ.

ಸಹೋದ್ಯೋಗಿಯ ಸಾವನ್ನೋ ಭೀಕರ ಅಪಘಾತವನ್ನೋ ಕಣ್ಣಾರೆ ಕಂಡು ಕಾಯಿಲೆ ಬಿದ್ದವರ ದಾರಿ ಇನ್ನೂ ಕಷ್ಟದ್ದು. 1989ರ ಹಿಲ್ಸ್‌ಬರೋ ಕ್ರೀಡಾಂಗಣ ದುರಂತದಲ್ಲಿ ಕೆಲಸ ಮಾಡಿದ ಪೊಲೀಸರಿಗೂ 1998ರಲ್ಲಿ ಹೌಸ್ ಆಫ್ ಲಾರ್ಡ್ಸ್ ಪರಿಹಾರ ಒಪ್ಪಲಿಲ್ಲ, ಅವರ ಜೀವಕ್ಕೆ ಅಪಾಯ ಇರಲಿಲ್ಲ ಅಂತ. ನೀವೂ ಅಪಾಯದ ಜಾಗದೊಳಗೆ ಇದ್ದಿರಿ ಎಂದಾದರೆ ಅದನ್ನು ಮೊದಲ ಹೇಳಿಕೆಯಲ್ಲೇ ಬರೆಸಿ.

ಹಂತ 5: ಯಾವ ದಾರಿ, ಎಷ್ಟು ಸಮಯ

ದಾರಿ ಎರಡಿವೆ. ಮೊದಲನೆಯದರಲ್ಲಿ ಯಾರ ತಪ್ಪು ಅಂತ ಕೇಳುವುದಿಲ್ಲ. ಕೆಲಸದಲ್ಲಿ ಪೆಟ್ಟಾಗಿದೆ ಅಂದರೆ ನಿಗದಿಯಾದ ಮೊತ್ತ ಸಿಗುತ್ತದೆ. ಜರ್ಮನಿ 1884ರಲ್ಲೇ ಇಂಥ ವಿಮೆ ತಂದಿತು, ಬ್ರಿಟನ್ 1897ರಲ್ಲಿ ಕಾಯ್ದೆ ಮಾಡಿತು. ಹಣ ಬೇಗ ಬರುತ್ತದೆ, ಆದರೆ ಕಮ್ಮಿ. ಬರೀ ಮಾನಸಿಕ ಕಾಯಿಲೆಯನ್ನು ಇಂಥ ಎಷ್ಟೋ ಯೋಜನೆಗಳು ಸುಲಭಕ್ಕೆ ಒಪ್ಪುವುದಿಲ್ಲ. ಎರಡನೆಯದು ನಿರ್ಲಕ್ಷ್ಯದ ಮೊಕದ್ದಮೆ. ಇದರಲ್ಲಿ ತಪ್ಪು ತೋರಿಸಬೇಕು, ವರ್ಷಗಳು ಹಿಡಿಯುತ್ತವೆ, ಮೊತ್ತ ದೊಡ್ಡದಿರಬಹುದು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮೊದಲ ದಾರಿ ಇದ್ದರೆ ಎರಡನೆಯದು ಮುಚ್ಚಿದಂತೆಯೇ. ಇಂಗ್ಲೆಂಡಿನಲ್ಲಿ ಎರಡೂ ತೆರೆದಿವೆ. ವಕೀಲರಿಗೆ ಕೇಳುವ ಮೊದಲ ಪ್ರಶ್ನೆ ಇದೇ ಆಗಿರಲಿ.

ಎರಡನೇ ಪ್ರಶ್ನೆ ಗಡುವು. ಇಂಗ್ಲೆಂಡಿನಲ್ಲಿ ಇಂಥ ಮೊಕದ್ದಮೆಗೆ ಸಾಮಾನ್ಯವಾಗಿ 3 ವರ್ಷ. ಗಾಯ ತಡವಾಗಿ ಗೊತ್ತಾದರೆ ಗೊತ್ತಾದ ದಿನದಿಂದ ಲೆಕ್ಕ. ಬೇರೆ ಕಡೆ ಇದಕ್ಕಿಂತ ಕಮ್ಮಿ ಇರಬಹುದು. ಮಾಲೀಕರ ಜೊತೆ ಮಾತುಕತೆ ನಡೆಯುತ್ತಿದೆ ಅಂತ ಗಡುವು ನಿಲ್ಲುವುದಿಲ್ಲ.

ಈ ಹೊತ್ತಿನಲ್ಲಿ ಎರಡು ಕೆಲಸ ಮಾಡಬೇಡಿ. ಸಿಟ್ಟಿನಲ್ಲಿ ರಾಜೀನಾಮೆ ಕೊಡಬೇಡಿ. ಆಸ್ಪತ್ರೆಯ ಹಾಸಿಗೆಯ ಹತ್ತಿರ ಬಂದು, ಒಂದಿಷ್ಟು ಹಣ ಕೊಟ್ಟು, "ಇನ್ನು ಯಾವ ಬಾಕಿಯೂ ಇಲ್ಲ" ಅನ್ನುವ ಕಾಗದಕ್ಕೆ ಸಹಿ ಕೇಳಿದರೆ ಹಾಕಬೇಡಿ. "ಓದಿಸಿ ಹೇಳುತ್ತೇನೆ" ಅನ್ನಿ, ಸಾಕು.

ಹಂತ 6: ಅವರು ಏನು ಹೇಳುತ್ತಾರೆ, ನಿಮ್ಮ ಉತ್ತರ ಏನು

"ಅಪಾಯ ಗೊತ್ತಿದ್ದೂ ಕೆಲಸ ಮಾಡಿದರಲ್ಲ." ಈ ವಾದಕ್ಕೆ 1891ರಲ್ಲೇ ಉತ್ತರ ಬಂದಿದೆ. ಬಂಡೆ ಕೊರೆಯುತ್ತಿದ್ದ ಕಾರ್ಮಿಕರೊಬ್ಬರ ತಲೆಯ ಮೇಲೆ ಕ್ರೇನ್ ಕಲ್ಲು ಸಾಗಿಸುತ್ತಿತ್ತು, ಒಂದು ಕಲ್ಲು ಬಿತ್ತು. ಅಪಾಯ ತಿಳಿದಿರುವುದು ಬೇರೆ, ಅದಕ್ಕೆ ಒಪ್ಪುವುದು ಬೇರೆ ಎಂದಿತು ಹೌಸ್ ಆಫ್ ಲಾರ್ಡ್ಸ್. ಹೊಟ್ಟೆಪಾಡಿಗೆ ದುಡಿಯುವವರು ಅಪಾಯಕ್ಕೆ ಒಪ್ಪಿಗೆ ಕೊಟ್ಟಂತಲ್ಲ.

"ಅವರದೇ ಅಜಾಗರೂಕತೆ." ನಿಮ್ಮ ತಪ್ಪೂ ಸ್ವಲ್ಪ ಇದ್ದರೆ ಪರಿಹಾರದಲ್ಲಿ ಅಷ್ಟು ಪಾಲು ಕಳೆಯುತ್ತಾರೆ. ಆದರೆ ಹೆಲ್ಮೆಟ್ ಕೊಟ್ಟಿದ್ದರಾ, ಹಾಕಿಕೊಳ್ಳಲು ಕಲಿಸಿದ್ದರಾ, ಹಾಕದಿದ್ದರೂ ಸುಮ್ಮನಿದ್ದರಾ ಅನ್ನುವುದನ್ನು ನೀವು ಕೇಳಬಹುದು.

"ಕೌನ್ಸೆಲಿಂಗ್ ಇತ್ತು, ಅವರೇ ಹೋಗಲಿಲ್ಲ." ಹ್ಯಾಟನ್ ತೀರ್ಪು ಈ ವಾದಕ್ಕೆ ಬಲ ಕೊಟ್ಟಿತ್ತು. 2007ರಲ್ಲಿ ಅದೇ ನ್ಯಾಯಾಲಯ ಅದಕ್ಕೆ ಮಿತಿ ಹಾಕಿತು. ಆ ಪ್ರಕರಣದ ಉದ್ಯೋಗಿ ಹೊರೆಯ ಬಗ್ಗೆ ಮತ್ತೆ ಮತ್ತೆ ಬರೆದಿದ್ದರು, ಮೇಜಿನ ಮುಂದೆ ಕೂತು ಅತ್ತಿದ್ದರು. ಅವರಿಗೆ ಬೇಕಿದ್ದದ್ದು ಹೊರೆ ಇಳಿಸುವುದು. ಅದು ಮ್ಯಾನೇಜರ ಕೈಯಲ್ಲಿತ್ತು, ಕೌನ್ಸೆಲರ ಕೈಯಲ್ಲಲ್ಲ.

ಕಿರುಕುಳ ಕೊಟ್ಟದ್ದು ಸಹೋದ್ಯೋಗಿ, ನಾವಲ್ಲ ಅಂತಲೂ ಹೇಳುತ್ತಾರೆ. ಕೆಲಸದ ಸಂಬಂಧದಲ್ಲೇ ನಡೆದ ಕಿರುಕುಳಕ್ಕೆ ಮಾಲೀಕರೂ ಹೊಣೆಯಾಗುತ್ತಾರೆ ಎಂದು ಹೌಸ್ ಆಫ್ ಲಾರ್ಡ್ಸ್ 2006ರಲ್ಲಿ ತೀರ್ಪು ಕೊಟ್ಟಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 190ನೇ ಒಡಂಬಡಿಕೆ, 2019ರದ್ದು, ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ಬಗ್ಗೆಯೇ ಇದೆ.

ಹಂತ 7: ನಷ್ಟದ ಲೆಕ್ಕ

ಕಳೆದುಹೋದ ಸಂಬಳ, ಮುಂದೆ ತಪ್ಪುವ ಸಂಬಳ, ಔಷಧಿ, ಓಡಾಟ, ನೋವು. ಇವು ಎಲ್ಲರಿಗೂ ಹೊಳೆಯುತ್ತವೆ. ಬಿಟ್ಟುಹೋಗುವುದು ಮನೆಯವರ ದುಡಿಮೆ. ಹೆಂಡತಿಯೋ ಮಗನೋ ಕೆಲಸ ಬಿಟ್ಟು ನಿಮ್ಮನ್ನು ನೋಡಿಕೊಂಡಿದ್ದರೆ ಆ ಗಂಟೆಗಳನ್ನೂ ಬರೆದಿಡಿ. ಹಲವು ನ್ಯಾಯಾಲಯಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ರಸೀದಿಗಳೆಲ್ಲ ಒಂದೇ ಚೀಲದಲ್ಲಿರಲಿ.

ಹಂತ 8: ಕೆಲಸಕ್ಕೆ ಮರಳುವಾಗ

ವಾಕರ್ ಪ್ರಕರಣದ ಆ ಮಾರ್ಚ್ ತಿಂಗಳು ನೆನಪಿದೆಯಲ್ವಾ? ಅವರು ಮರಳಿದ್ದು ಒಂದು ಭರವಸೆಯ ಮೇಲೆ. ನೀವು ಮರಳುವಾಗ ಭರವಸೆಯನ್ನು ಕಾಗದಕ್ಕೆ ಇಳಿಸಿ. ಮೊದಲ ತಿಂಗಳು ದಿನಕ್ಕೆ ಎಷ್ಟು ಗಂಟೆ, ಯಾವ ಕೆಲಸ ಇಲ್ಲ, ಸಹಾಯಕ್ಕೆ ಯಾರು, ಯಾವ ತಾರೀಖಿಗೆ ಮತ್ತೆ ಕೂತು ನೋಡುವುದು, ಎಲ್ಲ ಇರಲಿ. ಡಾಕ್ಟರ ಸಲಹೆಯ ಪ್ರತಿ ಜೊತೆಗೆ ಲಗತ್ತಿಸಿ. ಒಪ್ಪಿದ ಸಹಾಯ ನಿಂತರೆ ಅದೇ ದಿನ ಎರಡು ಸಾಲು ಬರೆದು ಕಳಿಸಿ. ಜೀವಕ್ಕೆ ಗಂಭೀರ ಅಪಾಯ ಎದುರಿಗೇ ಇದೆ ಎಂದು ನಂಬಲು ಸರಿಯಾದ ಕಾರಣ ಇದ್ದು ಆ ಜಾಗ ಬಿಟ್ಟು ಹೊರಬಂದವರಿಗೆ ಶಿಕ್ಷೆ ಕೊಡಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಡಂಬಡಿಕೆ ಹೇಳುತ್ತದೆ. ನಿಮ್ಮ ದೇಶ ಅದನ್ನು ಒಪ್ಪಿದೆಯೇ ಎಂದು ಕಾರ್ಮಿಕ ಸಂಘದಲ್ಲಿ ಕೇಳಿ, ಆ ಉತ್ತರವನ್ನೂ ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.